ಸುದ್ದಿ ತರುವವರು ಯಾರು? ಭದ್ರಾವತಿಯ ಕಾಗದದಿಂದ ಮುಕ್ತ ತಂತ್ರಾಂಶದವರೆಗೆ

ಭದ್ರಾವತಿ ಎಂದ ಕೂಡಲೇ ನೆನಪಾಗುವುದು ಕಬ್ಬಿಣ. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಾರ್ಖಾನೆ ಊರಿಗೆ ಆ ಹೆಸರು ತಂದುಕೊಟ್ಟಿತು. ಆದರೆ ಇದೇ ಊರು ಬಹುಕಾಲ ಸುದ್ದಿಯ ಕಚ್ಚಾವಸ್ತುವನ್ನೂ ಒದಗಿಸಿತ್ತು ಎಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ 1981ರಿಂದ ಪತ್ರಿಕೆಗಳಿಗೆ ಬೇಕಾದ ನ್ಯೂಸ್‌ಪ್ರಿಂಟ್ ತಯಾರಿಸತೊಡಗಿತು. ಅದಕ್ಕೂ ಮೊದಲೇ, 1965ರಲ್ಲಿ, ಆಕಾಶವಾಣಿ ಭದ್ರಾವತಿ ಕೇಂದ್ರ ಆರಂಭವಾಗಿತ್ತು. ಮಲೆನಾಡಿನ ಅದೆಷ್ಟೋ ಮನೆಗಳಲ್ಲಿ ರೇಡಿಯೋದ ಮುಳ್ಳು 675 ಕಿಲೋಹರ್ಟ್ಸ್ ಬಿಟ್ಟು ಕದಲುತ್ತಿರಲಿಲ್ಲ.

ಕಾಗದ ಮತ್ತು ರೇಡಿಯೋ ಎರಡರಲ್ಲೂ ಸುದ್ದಿ ಹರಿಯುವುದು ಒಂದೇ ದಿಕ್ಕಿಗೆ. ಒಂದು ಕೇಂದ್ರ ಹೇಳುತ್ತದೆ, ಸಾವಿರಾರು ಮಂದಿ ಕೇಳುತ್ತಾರೆ. ಕೇಳುಗರ ಪತ್ರವೋ ವಾಚಕರ ವಾಣಿಯೋ ಇದ್ದರೂ ಅದಕ್ಕೆ ಸಿಗುವುದು ಒಂದು ಮೂಲೆ ಅಷ್ಟೇ. ಭದ್ರಾವತಿಯಲ್ಲಿ ನ್ಯೂಸ್‌ಪ್ರಿಂಟ್ ಯಂತ್ರ ಓಡತೊಡಗಿದ ಆ ವರ್ಷಗಳಲ್ಲೇ ಭೂಮಿಯ ಇನ್ನೊಂದು ಬದಿಯಲ್ಲಿ ಸುದ್ದಿಯ ಬೇರೊಂದು ಏರ್ಪಾಡು ಬೆಳೆಯುತ್ತಿತ್ತು. ನಾವಿಂದು ಮುಕ್ತ ತಂತ್ರಾಂಶ ಎಂದು ಕರೆಯುವ ಇಡೀ ಚಳವಳಿ ಹುಟ್ಟಿದ್ದು ಅದರ ಮಡಿಲಲ್ಲಿ.

1979ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲ್ಲಿಸ್ ಯೂಸ್‌ನೆಟ್ ಎಂಬ ವ್ಯವಸ್ಥೆಯನ್ನು ಯೋಚಿಸಿದರು. ಒಂದು ಕಂಪ್ಯೂಟರು ಇನ್ನೊಂದಕ್ಕೆ ಫೋನ್ ಮಾಡಿ, ತನ್ನಲ್ಲಿದ್ದ ಹೊಸ ಬರಹಗಳನ್ನು ದಾಟಿಸುತ್ತಿತ್ತು. ಅದು ಮತ್ತೊಂದಕ್ಕೆ. ಪ್ರತಿ ಕಂಪ್ಯೂಟರಿನಲ್ಲೂ ಒಂದು ಪ್ರತಿ ಉಳಿಯುತ್ತಿತ್ತು. ಕೇಂದ್ರ ಎಂಬುದೇ ಇರಲಿಲ್ಲ. ಅಲ್ಲಿನ ಗುಂಪುಗಳಿಗೆ ಅವರು ಇಟ್ಟ ಹೆಸರೇ ‘ಸುದ್ದಿಗುಂಪು’.

1983ರ ಸೆಪ್ಟೆಂಬರ್ 27ರಂದು ರಿಚರ್ಡ್ ಸ್ಟಾಲ್‌ಮನ್ ಇಂತಹ ಗುಂಪಿನಲ್ಲಿ ಒಂದು ಪ್ರಕಟಣೆ ಹಾಕಿದರು. ಎಲ್ಲರೂ ಬಳಸಬಹುದಾದ, ತಿದ್ದಬಹುದಾದ, ಹಂಚಬಹುದಾದ ‘ಗ್ನೂ’ ಎಂಬ ಕಾರ್ಯವ್ಯವಸ್ಥೆಯನ್ನು ಬರೆಯುವುದಾಗಿ ಹೇಳಿ, ಯಂತ್ರ, ಹಣ, ಪ್ರೋಗ್ರಾಮು, ಶ್ರಮ ಏನನ್ನಾದರೂ ಕೊಡಿ ಎಂದು ಕೇಳಿದರು. ಆಗ ಇನ್ನೂ ತಂತ್ರಾಂಶ ಇರಲಿಲ್ಲ, ಸುದ್ದಿ ಮಾತ್ರ ಇತ್ತು. 1991ರ ಆಗಸ್ಟ್ 25ರಂದು ಲಿನಸ್ ಟೋರ್ವಾಲ್ಡ್ಸ್ ಬರೆದದ್ದೂ ಅಂಥದ್ದೇ: ಹವ್ಯಾಸಕ್ಕೆಂದು ಏನೋ ಮಾಡುತ್ತಿದ್ದೇನೆ, ನಿಮಗೆ ಏನು ಬೇಕು ಹೇಳಿ ಎಂಬ ಧಾಟಿಯ ಕೆಲವು ಸಾಲು. ಅದೇ ಲಿನಕ್ಸ್ ಆಯಿತು. ಎರಡರಲ್ಲೂ ಸುದ್ದಿ ಹೇಳುವವನು ಓದುಗನಿಂದ ಏನನ್ನೋ ಕೇಳುತ್ತಿದ್ದಾನೆ ಎಂಬುದನ್ನು ಗಮನಿಸಬೇಕು.

ಸಮುದಾಯ ಬೆಳೆದಂತೆ ಸುದ್ದಿಯೂ ಉಕ್ಕಿತು. ಯಾರೋ ಒಬ್ಬರು ಅದನ್ನು ಆರಿಸಿ, ಸೋಸಿ ಕೊಡಲೇಬೇಕಾಯಿತು. 1998ರ ಜನವರಿಯಲ್ಲಿ ಜೊನಾಥನ್ ಕಾರ್ಬೆಟ್ ಮತ್ತು ಎಲಿಜಬೆತ್ ಕೂಲ್‌ಬಾ ‘ಲಿನಕ್ಸ್ ವೀಕ್ಲಿ ನ್ಯೂಸ್’ ಆರಂಭಿಸಿದರು. 2002ರಲ್ಲಿ ಹಣವಿಲ್ಲದೆ ನಿಲ್ಲಿಸುತ್ತೇವೆ ಎಂದು ಪ್ರಕಟಿಸಿದಾಗ ಓದುಗರೇ ದುಡ್ಡು ಕಳಿಸಿದರು. ಅಲ್ಲಿಂದ ಅದು ಚಂದಾದಾರರ ಪತ್ರಿಕೆಯಾಯಿತು. ಆದರೆ ಚಂದಾ ಕಟ್ಟಿದವರಿಗೆ ಸಿಗುವುದು ಕೆಲವು ದಿನಗಳ ಮುಂಚಿತ ಓದು ಮಾತ್ರ. ಆಮೇಲೆ ಬರಹ ಎಲ್ಲರಿಗೂ ತೆರೆದುಕೊಳ್ಳುತ್ತದೆ.

ಇದೆಲ್ಲ ನಡೆಯುವಾಗ ಶಿವಮೊಗ್ಗದಂತಹ ಊರಿಗೆ ಅಂತರ್ಜಾಲ ಎಂದರೆ ದುಬಾರಿ ಮತ್ತು ನಿಧಾನ. ಇಡೀ ಕಾರ್ಯವ್ಯವಸ್ಥೆಯೊಂದನ್ನು ಫೋನ್ ತಂತಿಯಲ್ಲಿ ಇಳಿಸಿಕೊಳ್ಳುವ ಮಾತೇ ಇರಲಿಲ್ಲ. 1996ರಲ್ಲಿ ಪಿಸಿ ಕ್ವೆಸ್ಟ್ ಪತ್ರಿಕೆ ತನ್ನ ಸಂಚಿಕೆಯ ಜೊತೆ ಲಿನಕ್ಸ್ ಸಿಡಿ ಕೊಟ್ಟಿತು. ಬೆಂಗಳೂರಿನ ಅತುಲ್ ಚಿಟ್ನಿಸ್ ಈ ಪ್ರಯತ್ನದ ಹಿಂದಿದ್ದವರಲ್ಲಿ ಪ್ರಮುಖರು. ಸುದ್ದಿ ಮತ್ತು ಸುದ್ದಿಯಾದ ವಸ್ತು ಎರಡೂ ಒಂದೇ ಲಕೋಟೆಯಲ್ಲಿ ಬಂದವು. ಒಬ್ಬರು ಕೊಂಡ ಸಿಡಿಯನ್ನು ಹತ್ತು ಜನ ನಕಲು ಮಾಡಿಕೊಂಡರೂ ಅದು ಕಳ್ಳತನವಲ್ಲ, ಪರವಾನಗಿಯೇ ಕೊಟ್ಟ ಹಕ್ಕು. ಮುಂದೆ 2001ರಲ್ಲಿ ‘ಲಿನಕ್ಸ್ ಬೆಂಗಳೂರು’ ಸಮ್ಮೇಳನ ಶುರುವಾಯಿತು. 2005ರಲ್ಲಿ ‘ಫಾಸ್ ಡಾಟ್ ಇನ್’ ಎಂದು ಹೆಸರು ಬದಲಿಸಿಕೊಂಡು 2012ರವರೆಗೆ ನಡೆಯಿತು. ಸುದ್ದಿ ಬೆಂಗಳೂರಿಗೆ ಬಂತು; ಬಂದದ್ದು ಇಂಗ್ಲಿಷಿನಲ್ಲಿ.

ಕನ್ನಡದ ತೊಡಕು ಇಲ್ಲಿ ಶುರು. ಮೊದಲನೆಯದು ಪದದ್ದೇ. ಇಂಗ್ಲಿಷಿನ ‘ಫ್ರೀ’ ಎಂಬುದಕ್ಕೆ ಪುಕ್ಕಟೆ, ಸ್ವತಂತ್ರ ಎಂಬ ಎರಡರ್ಥ ಇರುವುದರಿಂದ ಅಲ್ಲಿ ದಶಕಗಟ್ಟಲೆ ವಿವರಿಸಬೇಕಾಯಿತು. ನಮ್ಮಲ್ಲಿ ‘ಉಚಿತ’ ಮತ್ತು ‘ಮುಕ್ತ’ ಬೇರೆ ಬೇರೆ ಪದಗಳೇ. ಆದರೂ ಗೊಂದಲ ತಪ್ಪಲಿಲ್ಲ. 1998ರಲ್ಲಿ ಶೇಷಾದ್ರಿವಾಸು ರೂಪಿಸಿದ ‘ಬರಹ’, ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಲಕ್ಷಾಂತರ ಜನರ ಕೈಗೆ ಕನ್ನಡ ಟೈಪಿಂಗನ್ನು ತಂದವು. ಕಾಸಿಲ್ಲದೆ ಸಿಗುವುದಕ್ಕೂ ಒಳಗಿನ ಸಂಕೇತವನ್ನು ಯಾರು ಬೇಕಾದರೂ ತೆರೆದು ತಿದ್ದಬಹುದು ಎಂಬುದಕ್ಕೂ ವ್ಯತ್ಯಾಸವಿದೆ ಎಂಬ ಸುದ್ದಿಯನ್ನು ಅಷ್ಟೇ ಬಲವಾಗಿ ಯಾರೂ ಮನೆಮನೆಗೆ ಮುಟ್ಟಿಸಲಿಲ್ಲ. ಕುಪ್ಪಳಿ ಮನೆತನದ ಪೂರ್ಣಚಂದ್ರ ತೇಜಸ್ವಿ ತಮ್ಮ ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶದ ಪ್ರಶ್ನೆಯನ್ನು ಬಿಡದೆ ಎತ್ತಿದರು. ಸಾಹಿತಿಯೊಬ್ಬರು ಇದನ್ನು ಭಾಷೆಯ ಅಳಿವು ಉಳಿವಿನ ಪ್ರಶ್ನೆಯಾಗಿ ಕಂಡದ್ದು ಆಗ ಹಲವರಿಗೆ ವಿಚಿತ್ರವೆನಿಸಿರಬಹುದು.

ಎರಡನೆಯ ತೊಡಕು ಇನ್ನೂ ನೋವಿನದು. ಜಿನೋಮ್, ಕೆಡಿಇ, ಫೈರ್‌ಫಾಕ್ಸ್‌ಗಳನ್ನು ಸ್ವಯಂಸೇವಕರು ಕನ್ನಡಕ್ಕೆ ತಂದರು. ಸಾವಿರಾರು ಸಾಲುಗಳ ಅನುವಾದ ಅದು. ಆದರೆ ಕಂಪ್ಯೂಟರಿನಲ್ಲಿ ಕನ್ನಡ ಇದೆ ಎಂದೇ ತಿಳಿಯದವನಿಗೆ ಆ ಕನ್ನಡ ಇದ್ದೂ ಇಲ್ಲದಂತೆ. ಕೆಲಸ ಮಾಡಿದವರ ಹತ್ತಿರ ಅದರ ಸುದ್ದಿ ಹೇಳಲು ಸಮಯ ಉಳಿಯುತ್ತಿರಲಿಲ್ಲ. ಈ ಕೊರತೆ ಕಂಡು ಕೆಲವರು ಸುದ್ದಿಯನ್ನೇ ಕೆಲಸವನ್ನಾಗಿ ಮಾಡಿಕೊಂಡರು. ಓಂಶಿವಪ್ರಕಾಶ್ ‘ಲಿನಕ್ಸಾಯಣ’ ಎಂದು ಕನ್ನಡದಲ್ಲಿ ಬರೆಯುತ್ತ ಹೋದರು. ‘ಸಂಚಯ’ ತಂಡ 2011ರ ಸ್ವಾತಂತ್ರ್ಯ ದಿನದ ಸಂದರ್ಭದಲ್ಲಿ ಹಲವು ಕೈಗಳ ಬರಹ ಕೂಡಿಸಿ ‘ಅರಿವಿನ ಅಲೆಗಳು’ ಎಂಬ ಇ-ಪುಸ್ತಕ ಹೊರತಂದಿತು. ಮುಂದೆ ಅದೇ ಬಳಗ ಕಟ್ಟಿದ ‘ವಚನ ಸಂಚಯ’ದಲ್ಲಿ ಬಳ್ಳಿಗಾವಿಯ ಅಲ್ಲಮನನ್ನೂ ಉಡುತಡಿಯ ಅಕ್ಕನನ್ನೂ ಒಂದೊಂದು ಪದ ಹಿಡಿದು ಹುಡುಕಬಹುದು. ಇಬ್ಬರೂ ಶಿವಮೊಗ್ಗ ಜಿಲ್ಲೆಯವರೇ.

ಹಾಗಾದರೆ ಬೆಂಗಳೂರಿನಿಂದ ದೂರದಲ್ಲಿ ಕುಳಿತವರು ಕೇವಲ ಕೇಳುಗರೇ? ಒಂದು ಸಣ್ಣ ಉದಾಹರಣೆ ನೋಡೋಣ. ‘ಸೂರ್ಯ’, ‘ಕಾರ್ಯ’ ಬರೆಯುವಾಗ ಅರ್ಕಾವತ್ತು ಬೇಕು. ‘ರ‍್ಯಾಂಕ್’, ‘ರ‍್ಯಾಲಿ’ ಬರೆಯುವಾಗ ಬೇಡ. ರ ಅಕ್ಷರಕ್ಕೆ ಯ ಒತ್ತು ಬರಬೇಕು. ಕಂಪ್ಯೂಟರಿಗೆ ಎರಡೂ ರ, ವಿರಾಮ, ಯ ಎಂಬ ಒಂದೇ ಸಾಲು. ಬೇರ್ಪಡಿಸಲು ನಡುವೆ ಕಣ್ಣಿಗೆ ಕಾಣದ ಒಂದು ಜೋಡಕ ಚಿಹ್ನೆ ಇಡಬೇಕು, ಫಾಂಟೂ ಅಕ್ಷರ ಜೋಡಿಸುವ ತಂತ್ರಾಂಶವೂ ಅದನ್ನು ಅರ್ಥಮಾಡಿಕೊಳ್ಳಬೇಕು. ಇದು ತಪ್ಪಿದೆ ಎಂಬ ಸುದ್ದಿಯನ್ನು ಅಮೆರಿಕದ ಪ್ರೋಗ್ರಾಮರ್ ತರಲಾರ. ಶಿವಮೊಗ್ಗದಲ್ಲಿ ಮದುವೆಯ ಕರೆಯೋಲೆ ಜೋಡಿಸುವ ಡಿಟಿಪಿ ಕೆಲಸಗಾರ ತರಬಲ್ಲ. ಮುಕ್ತ ತಂತ್ರಾಂಶದಲ್ಲಿ ದೋಷ ವರದಿ ಎನ್ನುವುದು ಇದನ್ನೇ: ಯಾವ ಆವೃತ್ತಿ, ಏನು ಬರೆದೆ, ಏನು ಕಾಣಿಸಿತು, ಏನು ಕಾಣಿಸಬೇಕಿತ್ತು. ಒಳ್ಳೆಯ ವರದಿಗಾರನಿಗೆ ಬೇಕಾದದ್ದೂ ಇಷ್ಟೇ.

2014ರ ನವೆಂಬರ್ 1ರಂದು ‘ಶಿಮೊಗ’ ಇಂಗ್ಲಿಷಿನಲ್ಲೂ ಅಧಿಕೃತವಾಗಿ ‘ಶಿವಮೊಗ್ಗ’ ಆಯಿತು. ಪತ್ರಿಕೆಗಳು ಒಂದು ದಿನ ಬರೆದು ಮುಗಿಸಿದವು. ಆದರೆ ಓಪನ್‌ಸ್ಟ್ರೀಟ್‌ಮ್ಯಾಪ್‌ನಂತಹ ಮುಕ್ತ ನಕ್ಷೆಯಲ್ಲಿ ಇಂತಹ ಬದಲಾವಣೆ ತಾನಾಗಿ ಆಗುವುದಿಲ್ಲ. ಯಾರಾದರೂ ಒಬ್ಬರು ಕೂತು ತಿದ್ದಬೇಕು, ಏಕೆ ತಿದ್ದಿದೆ ಎಂದು ಒಂದು ಸಾಲು ಬರೆಯಬೇಕು. ಆ ಸಾಲು ಇತಿಹಾಸದಲ್ಲಿ ಉಳಿಯುತ್ತದೆ.

ಕಳೆದ ದಶಕದ ನಡುವಿನಲ್ಲಿ ಭದ್ರಾವತಿಯ ಕಾಗದದ ಯಂತ್ರಗಳು ನಿಂತವು. ಸ್ವಯಂಸೇವಕರೂ ದಣಿಯುತ್ತಾರೆ, ಕೆಲಸ, ಸಂಸಾರ ಎಂದು ಚದುರುತ್ತಾರೆ, ಅವರು ನಡೆಸುತ್ತಿದ್ದ ತಾಣಗಳು ಮುಚ್ಚುತ್ತವೆ. ಎರಡೂ ಸಾವುಗಳಲ್ಲಿ ಒಂದು ವ್ಯತ್ಯಾಸವಿದೆ. ಕಾರ್ಖಾನೆ ನಿಂತರೆ ಅದನ್ನು ನಡೆಸುವ ಹಕ್ಕು ಊರಿನವರಿಗೆ ಇರಲಿಲ್ಲ. ಮುಕ್ತ ಪರವಾನಗಿಯ ತಂತ್ರಾಂಶವನ್ನೂ ಬರಹವನ್ನೂ ನಕಲಿಸಿ ಮುಂದುವರಿಸುವ ಹಕ್ಕು ಎಲ್ಲರಿಗೂ ಇದೆ. ಹಕ್ಕು ಇದ್ದರೆ ಸಾಲದು, ಕೈಹಾಕುವವರು ಬೇಕು. ನಿಮ್ಮ ಫೋನಿನಲ್ಲಿ ‘ರ‍್ಯಾಂಕ್’ ಸರಿಯಾಗಿ ಕಾಣಿಸುತ್ತಿಲ್ಲವಾದರೆ, ಆ ಸುದ್ದಿ ಇನ್ನೂ ಯಾರಿಗೂ ತಲುಪಿಲ್ಲದಿರಬಹುದು.