ಕಾಫಿ ನೆರಳಿನಿಂದ ಕೆರೆ ಏರಿಗೆ: ಗೆಂಡೆಹಳ್ಳಿಯ ದಾರಿ

ಬೇಲೂರು ತಾಲ್ಲೂಕಿನ ಗೆಂಡೆಹಳ್ಳಿ ಪೂರಾ ಮಲೆನಾಡೂ ಅಲ್ಲ, ಬಯಲುಸೀಮೆಯೂ ಅಲ್ಲ. ಪಡುವಣಕ್ಕೆ ಕಾಫಿ ತೋಟ, ಸಿಲ್ವರ್ ಓಕ್ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ. ಬೇಲೂರು ದಾಟಿ ಹಳೇಬೀಡಿನ ಕಡೆ ಹೋದಂತೆಲ್ಲ ಮುಸುಕಿನ ಜೋಳ, ರಾಗಿ, ತೆಂಗು. ಕಾರಿನಲ್ಲಿ ಕೂತವರಿಗೆ ಈ ಬದಲಾವಣೆ ಗೊತ್ತೇ ಆಗುವುದಿಲ್ಲ. ಸೈಕಲ್ ತುಳಿಯುವವರಿಗೆ ಮೊದಲು ಬೆನ್ನಿಗೆ ತಿಳಿಯುತ್ತದೆ: ನೆರಳು ಮುಗಿಯಿತು, ಬಿಸಿಲು ಶುರುವಾಯಿತು.

ಹೊಯ್ಸಳರೂ ಹೀಗೆಯೇ ಬಂದವರು. ಅವರ ಮೂಲನೆಲೆ ಮೂಡಿಗೆರೆ ತಾಲ್ಲೂಕಿನ ಅಂಗಡಿ, ಶಾಸನಗಳ ಸೊಸೆವೂರು. ಅಲ್ಲಿಂದ ಬೇಲೂರಿಗೆ, ಆಮೇಲೆ ದೋರಸಮುದ್ರಕ್ಕೆ, ಅಂದರೆ ಈಗಿನ ಹಳೇಬೀಡಿಗೆ. ಪಠ್ಯಪುಸ್ತಕದಲ್ಲಿ ಒಂದು ಸಾಲಿಗೆ ಮುಗಿದುಹೋಗುವ ಈ ಪಯಣದ ಅರ್ಥ ದಾರಿ ಸವೆಸಿದರೆ ಹೊಳೆಯುತ್ತದೆ. ಮಲೆಯಲ್ಲಿ ಮನೆತನ ಹುಟ್ಟಬಹುದು. ದೊಡ್ಡ ದಂಡಿಗೆ ಅನ್ನ ಹಾಕಲು ಕೆರೆ ಕೆಳಗಿನ ಗದ್ದೆಯೇ ಬೇಕು.

ಮತ್ತೆ ಗೆಂಡೆಹಳ್ಳಿಯ ಮಾತಿಗೆ ಬಂದರೆ, ಸಿನಿಮಾದಲ್ಲಿ ತೋರಿಸುವಂಥ ಕಡಿದಾದ ಕಮರಿ ಬೇಕಿದ್ದರೆ ಸಕಲೇಶಪುರದಾಚೆ ಬಿಸಿಲೆ ಘಾಟಿಗೆ ಹೋಗಬೇಕು. ಈ ಸೀಮೆಯಲ್ಲಿ ಇರುವುದು ಹಳ್ಳ. ಎರಡು ದಿಣ್ಣೆಗಳ ನಡುವೆ ನೀರು ಕೊರೆದ ದಾರಿ, ಬುಡದಲ್ಲಿ ಪಾಚಿಗಟ್ಟಿದ ಕಲ್ಲು, ಮೇಲೆ ಒಂದಕ್ಕೊಂದು ತಾಗಿದ ರೆಂಬೆ. ಬೇಸಿಗೆಯಲ್ಲಿ ಪಾದ ಮುಳುಗುವಷ್ಟು ನೀರಿದ್ದರೆ ಹೆಚ್ಚು. ಮಳೆಗಾಲದಲ್ಲಿ ಇಳಿದರೆ ಉಂಬಳ ಕಾಲ್ಬೆರಳ ಸಂದಿಯಲ್ಲಿ ಕಚ್ಚಿಕೊಂಡದ್ದೂ ಗೊತ್ತಾಗುವುದಿಲ್ಲ, ರಕ್ತ ಇಳಿದಾಗಲೇ ತಿಳಿಯುವುದು. ಒಂದು ಚಿಟಿಕೆ ಉಪ್ಪು ಹಾಕಿದರೆ ಸಾಕು, ಬಿಟ್ಟುಬಿಡುತ್ತದೆ. ಅಕ್ಕಪಕ್ಕದ ತೋಟಗಳಿಗೆ ಯಜಮಾನರಿದ್ದಾರೆ, ಕೇಳದೆ ಕಾಲಿಡಬಾರದು.

ಕೇಳಲು ಇನ್ನೊಂದು ಕಾರಣವೂ ಇದೆ, ಆನೆ. ಬಿಕ್ಕೋಡು, ಅರೇಹಳ್ಳಿ ಸುತ್ತ ಕಾಡಾನೆ ಹಿಂಡುಗಳು ಈಗ ತೋಟಗಳಲ್ಲೇ ಬೀಡುಬಿಡುತ್ತವೆ. ಹಗಲು ಕಾಫಿ ಗಿಡಗಳ ಮರೆ, ಇರುಳು ಗದ್ದೆ, ಬಾಯಾರಿದರೆ ತೋಟದ ಕೆರೆ, ಕಾಲಕ್ಕೆ ಹಲಸು. ಕಾಡಿಗೆ ಮರಳಲು ಅವಕ್ಕೇನು ಅವಸರ? ಕೂಲಿಗೆ ಹೋಗುವ ಹೆಂಗಸರು ಬೆಳಿಗ್ಗೆ ಮೊದಲು ವಿಚಾರಿಸುವುದು ಆನೆ ಎಲ್ಲಿದೆಯೆಂದು. ಪ್ರವಾಸಿಗರೂ ಅವರನ್ನೇ ಕೇಳಿ ಹೊರಡುವುದು ಕ್ಷೇಮ.

ಬೇಲೂರಿನಲ್ಲಿ ಚೆನ್ನಕೇಶವ ಇದ್ದೇ ಇದ್ದಾನೆ, 1117ರಿಂದ. ಅವನನ್ನು ನೋಡಲು ಬೇರೊಂದು ದಿನ ಇಟ್ಟುಕೊಂಡು, ಬಿಸಿಲು ತಗ್ಗುವ ಹೊತ್ತಿಗೆ ಹಳೇಬೀಡು ಸೇರುವುದು ಮೇಲು. 2023ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಮೇಲೆ ಹೊಯ್ಸಳೇಶ್ವರ ದೇವಾಲಯದ ಮುಂದೆ ಬಸ್ಸುಗಳದ್ದೇ ಸಾಲು. ಅಲ್ಲಿನ ಕೆರೆ ಏರಿಯ ಮೇಲೆ ಅಷ್ಟು ಜನರಿಲ್ಲ. ನೀರುಕಾಗೆ ಮುಳುಗೆದ್ದು ಕೊರಡಿನ ಮೇಲೆ ರೆಕ್ಕೆ ಹರಡಿ ಒಣಗಿಸಿಕೊಳ್ಳುತ್ತದೆ, ಅದರ ಗರಿ ಬಾತುಕೋಳಿಯ ಗರಿಯಷ್ಟು ನೀರು ತಡೆಯುವುದಿಲ್ಲ. ಗುಳುಮುಳುಕ ಇಲ್ಲಿ ಮುಳುಗಿ ಇನ್ನೆಲ್ಲೋ ಏಳುತ್ತದೆ. ದುರ್ಬೀನು ಹಿಡಿದವರನ್ನು ಸತಾಯಿಸುವುದೇ ಅದರ ಕಸುಬೇನೋ.

ಈ ಕೆರೆ ರಾಷ್ಟ್ರಕೂಟರ ಕಾಲದ್ದೆಂದು ಇತಿಹಾಸಕಾರರ ಅಭಿಪ್ರಾಯ. ಅಂದರೆ ರಾಜಧಾನಿಗಿಂತ ಕೆರೆಯೇ ಹಿರಿದು. 1311ರಲ್ಲಿ ಮಲಿಕ್ ಕಾಫರನ ದಾಳಿಯಾಯಿತು, ಮುಂದೆ ಅರಮನೆಯೂ ಅಳಿಯಿತು. ಏರಿ ಉಳಿಯಿತು, ನೀರು ಮಾತ್ರ ವರ್ಷವರ್ಷವೂ ನಿಲ್ಲುವುದಿಲ್ಲ. ಯಗಚಿ ನದಿಯ ನೀರನ್ನು ರಣಘಟ್ಟದಿಂದ ಈ ಭಾಗದ ಕೆರೆಗಳಿಗೆ ಹರಿಸಿ ಎಂದು ರೈತರು ಬೀದಿಗಿಳಿದದ್ದು ಅದಕ್ಕೇ.

ಬೇಲೂರಿಗೆ ವಾಪಸು 16 ಕಿಲೋಮೀಟರ್. ರಾತ್ರಿ ಅಲ್ಲೇ ತಂಗುವುದು ಒಳ್ಳೆಯದು. ಕತ್ತಲಾದ ಮೇಲೆ ಗೆಂಡೆಹಳ್ಳಿ ಕಡೆ ಸೈಕಲ್ ಬೇಡ.