ಲೈನ್ ಕ್ಲಿಯರಿನಿಂದ ಪ್ರಮಾಣಪತ್ರದವರೆಗೆ

ಮೇಲುಕೋಟೆಯ ಬೆಟ್ಟಕ್ಕೆ ಪರಂಪರೆಯಿಂದ ಸಲ್ಲುತ್ತ ಬಂದ ಪಾವನ ನಾಮವನ್ನು ತಾನೂ ಧರಿಸಿಕೊಂಡು ಮೈಸೂರು ನಗರದ ಏರುನೆಲದಲ್ಲಿ ಹಬ್ಬಿರುವ ಯಾದವಗಿರಿಯು, ದೂರದವರೊಡನೆ ವ್ಯವಹರಿಸುವ ವಿದ್ಯೆಗಳಿಗೆ ಬಹುಕಾಲದಿಂದ ನೆರೆಯಾಗಿರುವ ಬಡಾವಣೆ. ಅದರ ಮಗ್ಗುಲಲ್ಲಿ ರೈಲುನಿಲ್ದಾಣವೂ 1979ರಲ್ಲಿ ಸ್ಥಾಪಿತವಾದ ರೈಲು ವಸ್ತುಸಂಗ್ರಹಾಲಯವೂ ಇವೆ. ಅದರ ಒಡಲಲ್ಲೇ ಆಕಾಶವಾಣಿಯ ನಿಲಯವಿದೆ. ಇಂದು ಇಲ್ಲಿನ ಮನೆಗಳಲ್ಲಿ ಗಣಕದ ಮುಂದೆ ಕುಳಿತವರು, ಸಂಪರ್ಕವು ಸುರಕ್ಷಿತವಲ್ಲವೆಂಬ ಎಚ್ಚರಿಕೆಯನ್ನು ಕಂಡು ಬೆಚ್ಚಿ, ಮರುಕ್ಷಣ ಮತ್ತೆ ಪ್ರಯತ್ನಿಸಿದಾಗ ಅದೇ ಜಾಲತಾಣ ಏನೂ ನಡೆಯದಂತೆ ತೆರೆದುಕೊಂಡುದನ್ನು ನೋಡಿ ವಿಸ್ಮಯಪಡುವುದುಂಟು. ಒಮ್ಮೆ ಕೂಡಿ ಇನ್ನೊಮ್ಮೆ ಕೂಡದ ಈ ದೋಷವನ್ನು ಯಂತ್ರದ ಚಾಪಲ್ಯವೆಂದು ಬಗೆದು ಸುಮ್ಮನಾಗುವವರೇ ಬಹಳ. ಅದಕ್ಕೊಂದು ನಿಯತವಾದ ಕಾರಣವಿರುತ್ತದೆಂಬ ಅರಿವು ಗಣಕಕ್ಕಿಂತ ಹಳೆಯದು. ಅದನ್ನು ಕಾಣಲು ಮೊದಲು ಹಳಿಗಳ ಬಳಿಗೆ ಹೋಗಬೇಕು.

1882ರಲ್ಲಿ ಬೆಂಗಳೂರಿನ ಕಡೆಯಿಂದ ಮೈಸೂರಿಗೆ ಬಂದ ಮೀಟರ್ ಗೇಜಿನ ಮಾರ್ಗ ಒಂಟಿಹಳಿಯದಾಗಿತ್ತು. ಹೋಗುವ ಬಂಡಿಗೂ ಬರುವ ಬಂಡಿಗೂ ದಾರಿ ಒಂದೇ ಆದಾಗ, ಎರಡು ನಿಲ್ದಾಣಗಳ ನಡುವಣ ಆ ದಾರಿಯು ಈ ಗಳಿಗೆಯಲ್ಲಿ ಯಾರಿಗೆ ಸೇರಿದುದೆಂಬುದನ್ನು ಸಂದೇಹಕ್ಕೆಡೆಯಿಲ್ಲದಂತೆ ನಿಶ್ಚಯಿಸುವುದು ಜೀವಸಂರಕ್ಷಣೆಯ ಪ್ರಶ್ನೆಯೇ ಸರಿ. ಭಾರತದ ಒಂಟಿಹಳಿಗಳಲ್ಲಿ ಇದಕ್ಕಾಗಿ ವಿಶೇಷವಾಗಿ ಬಳಕೆಗೆ ಬಂದ ಉಪಾಯ, ನೀಲ್ ಎಂಬ ಹೆಸರಿನ ಟೋಕನ್ ಯಂತ್ರ. ಪಕ್ಕಪಕ್ಕದ ಎರಡು ನಿಲ್ದಾಣಗಳಲ್ಲಿ ಒಂದೊಂದು ಯಂತ್ರ. ಎರಡಕ್ಕೂ ತಂತಿಯ ನಂಟು. ಒಳಗೆ ಲೋಹದ ಗುಂಡುಗಳು. ಇಲ್ಲಿಯ ಸ್ಟೇಷನ್ ಮಾಸ್ತರರು ಗಂಟೆಯ ಸಂಜ್ಞೆಯಿಂದ ಕೇಳಿ, ಅಲ್ಲಿಯವರು ಒಪ್ಪಿ ತಮ್ಮ ಕಡೆಯಿಂದ ವಿದ್ಯುತ್ತನ್ನು ಕಳುಹಿದ ಹೊರತು ಇಲ್ಲಿಯ ಯಂತ್ರವು ಗುಂಡನ್ನು ಬಿಟ್ಟುಕೊಡದು. ಒಂದು ಗುಂಡು ಹೊರಬಂದ ಮೇಲೆ, ಅದು ಎರಡರಲ್ಲೊಂದು ಯಂತ್ರದ ಒಡಲನ್ನು ಮರಳಿ ಸೇರುವ ತನಕ ಮತ್ತೊಂದು ಹೊರಬರದು. ಬೆತ್ತದ ಬಳೆಗೆ ಕಟ್ಟಿದ ಚೀಲದಲ್ಲಿ ಆ ಗುಂಡು ಕೈಸೇರಿದ ಚಾಲಕನಿಗೆ ಮಾತ್ರ ದಾರಿ. ಈ ಒಡಂಬಡಿಕೆಯನ್ನೇ ಜನ ಲೈನ್ ಕ್ಲಿಯರ್ ಎಂದರು. ಆ ಮಾತು ಹಳಿಯನ್ನು ದಾಟಿ ನಮ್ಮ ಆಡುನುಡಿಯನ್ನೂ ಹೊಕ್ಕಿತು.

ಆ ಯಂತ್ರವೂ ಆಗಾಗ್ಗೆ ತಡವರಿಸುತ್ತಿತ್ತು. ಮಳೆಗೆ ನೆನೆದ ತಂತಿಯಲ್ಲಿಯೋ ಸಡಿಲಗೊಂಡ ಸಂಧಿಯಲ್ಲಿಯೋ ಪ್ರವಾಹ ಸೋರಿ, ಬೆಳಗ್ಗೆ ಗುಂಡನ್ನು ಕೊಟ್ಟ ಯಂತ್ರ ಸಂಜೆ ಕೊಡದೆ ನಿಲ್ಲಬಹುದಾಗಿತ್ತು. ಅಂಥ ವೇಳೆ ಮಾಸ್ತರರು ಊಹೆಯ ಮೇಲೆ ಬಂಡಿಯನ್ನು ಬಿಡುತ್ತಿರಲಿಲ್ಲ. ದೂರವಾಣಿಯಲ್ಲಿ ಮಾತಾಡಿ ಕಾಗದದ ಅನುಮತಿಪತ್ರವನ್ನು ಬರೆದುಕೊಡುತ್ತಿದ್ದರು. ಆ ಮಾತು ನಿಜವಾಗಿಯೂ ಆಚೆಯ ಮಾಸ್ತರರದೇ ಎಂಬುದಕ್ಕೆ ಪ್ರೈವೇಟ್ ನಂಬರ್ ಎಂಬ ಗುಪ್ತಸಂಖ್ಯೆ ಸಾಕ್ಷಿಯಾಗುತ್ತಿತ್ತು. ಯಂತ್ರ ಕೆಟ್ಟ ಹೊತ್ತನ್ನೂ ಸರಿಹೋದ ಹೊತ್ತನ್ನೂ ಪುಸ್ತಕದಲ್ಲಿ ದಾಖಲಿಸುವುದು ಅವರ ಧರ್ಮವಾಗಿತ್ತು. ಇಂದಿನ ಸುರಕ್ಷಿತ ಸಂಪರ್ಕದ ಸಕಲ ತತ್ತ್ವವೂ ಈ ಮೂರರಲ್ಲಿ ಬೀಜರೂಪದಿಂದ ಇದೆಯೆಂದರೆ ಅತಿಶಯೋಕ್ತಿಯಾಗದು: ಇಬ್ಬರ ಸಮ್ಮತಿ, ಗುಪ್ತಸಂಖ್ಯೆಯ ಸಾಕ್ಷ್ಯ, ಮತ್ತು ಹೊತ್ತಿನ ದಾಖಲೆ.

ಆಕಾಶವಾಣಿಯ ವಿದ್ಯೆ ಬೇರೆ ಬಗೆಯದು. 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ಒಂಟಿಕೊಪ್ಪಲಿನ ತಮ್ಮ ಮನೆಯಿಂದ ಅಲ್ಪಶಕ್ತಿಯ ಯಂತ್ರದ ಮೂಲಕ ಆರಂಭಿಸಿದ ಪ್ರಸಾರಕ್ಕೆ ದೊರೆತ ಆಕಾಶವಾಣಿ ಎಂಬ ಹೆಸರು ಮುಂದೆ ಇಡೀ ದೇಶದ ಬಾನುಲಿಯ ಹೆಸರಾಯಿತು. 1955ರಲ್ಲಿ ಬೆಂಗಳೂರು ನಿಲಯ ಆರಂಭವಾದಾಗ ಅಡಗಿದ ಮೈಸೂರಿನ ದನಿ 1974ರಲ್ಲಿ ಮತ್ತೆ ಹೊಮ್ಮಿತು. ಬಾನುಲಿಗೆ ಗುಟ್ಟಿಲ್ಲ, ಕೇಳುವವನು ಮರುನುಡಿಯುವುದೂ ಇಲ್ಲ. ಪರಿಚಿತವಾದ ಕಂಠವೇ ಅಲ್ಲಿ ಪ್ರಮಾಣ. ಆದರೆ ತನ್ನ ಹಣದ ಲೆಕ್ಕವನ್ನೋ ಮಗಳ ಪರೀಕ್ಷಾಫಲವನ್ನೋ ಕಾಣಬಯಸುವ ಗೃಹಸ್ಥನಿಗೆ ಆಕಾಶದ ಮುಕ್ತವಾಣಿ ಸಾಲದು. ಅವನಿಗೆ ಹಳಿಯ ಮೇಲಿನ ಒಡಂಬಡಿಕೆಯೇ ಬೇಕು, ಅದೂ ಮುಖಪರಿಚಯವಿಲ್ಲದ ಯಂತ್ರದೊಡನೆ.

ಇಬ್ಬರು ಅಪರಿಚಿತರು ಎಲ್ಲರ ಎದುರಿಗೇ ಮಾತಾಡಿಕೊಂಡು, ಕೇಳಿದವರಾರಿಗೂ ತಿಳಿಯದ ಒಂದು ಗುಪ್ತಸಂಖ್ಯೆಯನ್ನು ಗಣಿತಬಲದಿಂದ ಹೊಂದಬಹುದೆಂದು 1976ರಲ್ಲಿ ಡಿಫಿ ಮತ್ತು ಹೆಲ್‌ಮನ್ ಎಂಬ ಅಮೆರಿಕದ ವಿದ್ವಾಂಸರು ಪ್ರಕಟಪಡಿಸಿದರು. ನೆಟ್‌ಸ್ಕೇಪ್ ಸಂಸ್ಥೆಯು 1995ರಲ್ಲಿ ಎಸ್‌ಎಸ್‌ಎಲ್ ಎಂಬ ಹೆಸರಿನಿಂದ ಇಂಥ ಗಣಿತವನ್ನು ಜಾಲಕ್ಕೆ ಅಳವಡಿಸಿತು. 1999ರಲ್ಲಿ ಅದು ಟಿಎಲ್‌ಎಸ್ ಆಗಿ, 2018ರಲ್ಲಿ ಅದರ 1.3ನೆಯ ಆವೃತ್ತಿ ರೂಪುಗೊಂಡಿತು. ಗುಪ್ತಸಂಖ್ಯೆಯೊಂದೇ ಸಾಲದು, ಎದುರಿನವನು ತಾನು ಹೇಳಿಕೊಂಡವನೇ ಎಂಬುದಕ್ಕೂ ಆಧಾರ ಬೇಕಾದುದರಿಂದ ಪ್ರಮಾಣಪತ್ರಗಳು ಹುಟ್ಟಿದವು: ತಾಣದ ಪತ್ರಕ್ಕೆ ಮಧ್ಯಂತರ ಸಂಸ್ಥೆಯ ಸಹಿ, ಅದಕ್ಕೆ ಮೂಲ ಸಂಸ್ಥೆಯ ಸಹಿ, ಹೀಗೊಂದು ಸರಪಳಿ. ನಮ್ಮ ದೇಶದಲ್ಲಿ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯು ಪ್ರಮಾಣಪತ್ರ ನೀಡುವ ಸಂಸ್ಥೆಗಳ ಮೇಲೆ ಒಬ್ಬ ನಿಯಂತ್ರಕರ ನೇಮಕಕ್ಕೆ ಎಡೆಮಾಡಿತು.

ಸಂಪರ್ಕದ ಮೊದಲಲ್ಲಿ ಎರಡು ಯಂತ್ರಗಳು ಹೀಗೆ ಪತ್ರವನ್ನು ಪರೀಕ್ಷಿಸಿ ಗುಪ್ತಸಂಖ್ಯೆಯನ್ನು ಹೊಂದುವ ಹಸ್ತಲಾಘವವು ಎಲ್ಲಿ ತಪ್ಪುತ್ತದೆಂಬುದನ್ನು ಬಲ್ಲವರು ಮೊದಲು ಕೇಳುವ ಪ್ರಶ್ನೆ, ಒಂದೆಂದು ತೋರುವುದು ನಿಜವಾಗಿ ಒಂದೇ ಹೌದೇ ಎಂಬುದು. ತಾಣದ ಹೆಸರು ಒಂದೇ ಆದರೂ ಅದರ ಹಿಂದೆ ಎರಡು ಮೂರು ಸರ್ವರುಗಳು ಸರದಿಯಂತೆ ಉತ್ತರ ಕೊಡುತ್ತಿರುತ್ತವೆ. ಅವುಗಳಲ್ಲೊಂದರಲ್ಲಿ ಮಾತ್ರ ಅವಧಿ ಮುಗಿದ ಪತ್ರ ಉಳಿದಿದ್ದರೆ, ಸರದಿ ಅದಕ್ಕೆ ಬಂದವರಿಗೆ ಎಚ್ಚರಿಕೆ, ಉಳಿದವರಿಗೆ ಸುಗಮ ದಾರಿ. ಮಧ್ಯಂತರ ಪತ್ರವನ್ನು ಕಳುಹಲು ಸರ್ವರು ಮರೆತಿದ್ದರೆ, ಅದನ್ನು ಬೇರೆಡೆ ಕಂಡು ನೆನಪಿಟ್ಟುಕೊಂಡ ಬ್ರೌಸರಿಗೆ ತೊಂದರೆಯಿಲ್ಲ, ಹೊಸದಾಗಿ ಬಂದುದಕ್ಕೆ ಸರಪಳಿಯ ಕೊಂಡಿಯೇ ಕಾಣದು. ಗಣಕದ ಗಡಿಯಾರ ಹಿಂದುಳಿದರೆ ಪತ್ರವಿನ್ನೂ ಜಾರಿಗೆ ಬಂದಿಲ್ಲವೆಂದೂ, ಮುಂದೋಡಿದರೆ ಅವಧಿ ತೀರಿತೆಂದೂ ಅದು ನಿರ್ಣಯಿಸುತ್ತದೆ. 2021ರ ಸೆಪ್ಟೆಂಬರ್ 30ರಂದು ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಪತ್ರಗಳಿಗೆ ಆಧಾರವಾಗಿದ್ದ ಹಳೆಯ ಮೂಲಪತ್ರವೊಂದರ ಅವಧಿ ಮುಗಿದಾಗ, ಹೊಸ ಯಂತ್ರಗಳಲ್ಲಿ ಸಲೀಸಾಗಿ ತೆರೆಯುತ್ತಿದ್ದ ತಾಣಗಳೇ ಎಷ್ಟೋ ಹಳೆಯ ಯಂತ್ರಗಳಲ್ಲಿ ತೆರೆಯದಾದವು.

ಇವೆಲ್ಲಕ್ಕಿಂತ ಸೂಕ್ಷ್ಮವಾದುದು ಇನ್ನೊಂದಿದೆ. ಡಿಫಿ ಮತ್ತು ಹೆಲ್‌ಮನ್ನರ ಕ್ರಮದಲ್ಲಿ ದೊರೆತ ಗುಪ್ತಸಂಖ್ಯೆಯ ಮೊದಲ ಬೈಟು ಸರಾಸರಿ 256ಕ್ಕೆ ಒಂದು ಸಲ ಸೊನ್ನೆಯಾಗಿ ಬರುತ್ತದೆ. ಟಿಎಲ್‌ಎಸ್‌ನ ಹಳೆಯ ಆವೃತ್ತಿಗಳ ನಿಯಮ ಆ ಮೊದಲ ಸೊನ್ನೆಯನ್ನು ಕಳೆಯಬೇಕೆಂಬುದು. ಒಂದು ಕಡೆಯ ತಂತ್ರಾಂಶ ಕಳೆದು ಇನ್ನೊಂದು ಕಡೆಯದು ಉಳಿಸಿಕೊಂಡರೆ, ಇಬ್ಬರ ಕೀಲಿಗಳೂ ಬೇರೆಯಾಗಿ ಸಂಪರ್ಕ ಮುರಿಯುತ್ತದೆ. ಇನ್ನೂರೈವತ್ತೈದು ಸಲ ಕೂಡಿ ಒಂದು ಸಲ ಮುರಿಯುವ ಇಂಥದನ್ನು ವಿಧಿಯೆಂದು ಕರೆಯದವನು ಅಪರೂಪ. ಆದರೂ ಅದರ ಮೂಲ, ಒಂದು ನಿಯಮವನ್ನು ಇಬ್ಬರು ಎರಡು ಬಗೆಯಾಗಿ ಓದಿದ ಪ್ರಮಾದ.

ಇಂದು ಬೆಂಗಳೂರು ಮೈಸೂರು ಮಾರ್ಗ ಜೋಡಿಹಳಿಯಾಗಿ, ಬೆತ್ತದ ಬಳೆಯನ್ನು ಓಡುವ ಬಂಡಿಯಿಂದ ಕೈಚಾಚಿ ಹಿಡಿಯುವ ನೋಟ ಮರೆಯಾಗಿದೆ. ಆದರೂ ಕೆಟ್ಟ ಸಂಪರ್ಕವನ್ನು ಸರಿಪಡಿಸಲು ಕುಳಿತ ಎಳೆಯರನ್ನು ಕಂಡಾಗ ಆ ಮಾಸ್ತರರ ಪುಸ್ತಕವೇ ನನ್ನ ಕಣ್ಣಮುಂದೆ ನಿಲ್ಲುತ್ತದೆ. ಯಾವ ಹೊತ್ತಿಗೆ, ಯಾವ ಸರ್ವರಿನಿಂದ, ಯಾವ ಯಂತ್ರಕ್ಕೆ, ಎಷ್ಟು ಸಲಕ್ಕೊಮ್ಮೆ ಸಂಪರ್ಕ ತಪ್ಪಿತೆಂಬುದನ್ನು ಬರೆದಿಟ್ಟವನಿಗೆ ದೋಷವು ಕಟ್ಟಕಡೆಗೆ ತನ್ನ ನೆಲೆಯನ್ನು ತೋರಿಯೇ ತೀರುತ್ತದೆ. ಬರೆದಿಡದವನು ಮತ್ತೆ ಮತ್ತೆ ಗುಂಡಿಯನ್ನೊತ್ತಿ, ಎಚ್ಚರಿಕೆಯನ್ನು ಲೆಕ್ಕಿಸದೆ ದಾಟುವುದನ್ನೇ ರೂಢಿಮಾಡಿಕೊಳ್ಳುತ್ತಾನೆ. ಲೈನ್ ಕ್ಲಿಯರ್ ದೊರೆಯದೆ ಬಂಡಿಯನ್ನು ಬಿಡಲೊಲ್ಲದ ಮಾಸ್ತರರು, ಪ್ರಯಾಣಿಕರ ಗೊಣಗಾಟವನ್ನು ಕೇಳಿಕೊಂಡೇ, ದೀಪದ ಬೆಳಕಿನಲ್ಲಿ ಯಂತ್ರ ತಪ್ಪಿದ ಗಂಟೆಯನ್ನೂ ನಿಮಿಷವನ್ನೂ ಬರೆಯುತ್ತಿದ್ದರು.