ಸಣ್ಣ ದೋಣಿಯಲ್ಲಿ ಕಡಲ ಮೀನುಗಾರಿಕೆ: ಬಯಲುಸೀಮೆಯ ಕಲಿಕೆಗಾರರಿಗೆ ಮಾರ್ಗದರ್ಶಿ

ಪೀಠಿಕೆ

ಹುಬ್ಬಳ್ಳಿಯ ಗೋಪನಕೊಪ್ಪದಂಥ ಊರುಗಳಿಗೂ ಕಡಲಿಗೂ ಇರುವ ಅಂತರ ಮೇಲ್ನೋಟಕ್ಕೆ ಕಾಣುವಷ್ಟು ದೊಡ್ಡದಲ್ಲ. ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದರೆ ಸುಮಾರು 130 ಕಿ.ಮೀ. ದೂರದಲ್ಲಿ ಅಂಕೋಲೆ ಸಿಗುತ್ತದೆ. ಹುಬ್ಬಳ್ಳಿ ಪೇಟೆಗೆ ಬಂಗಡೆ, ತಾರ್ಲಿ ಬರುವುದು ಇದೇ ಮಾರ್ಗವಾಗಿ. ಮಳೆಯಾಶ್ರಿತ ಬೇಸಾಯದ ಆದಾಯ ಸಾಲದೆ ಕರಾವಳಿಯ ನೆಂಟರ ಅಥವಾ ಪರಿಚಯದವರ ಜೊತೆ ದೋಣಿಯಲ್ಲಿ ದುಡಿಯಲು, ಇಲ್ಲವೇ ತಾವೇ ಒಂದು ಸಣ್ಣ ದೋಣಿ ಕೊಳ್ಳಲು ಯೋಚಿಸುವ ರೈತ ಬಾಂಧವರಿಗಾಗಿ ಈ ಲೇಖನವನ್ನು ಸಿದ್ಧಪಡಿಸಲಾಗಿದೆ.

ಕೆರೆಯಲ್ಲಿ ಬಲೆ ಬೀಸಿದ ಅನುಭವ ನಿಮಗಿರಬಹುದು. ಆದರೆ ಕೆರೆಯ ನೀರು ನಿಂತ ನೀರು, ಕಡಲಿನದು ನಡೆಯುವ ನೀರು. ಸಣ್ಣ ದೋಣಿಗೆ ಅತಿ ಹೆಚ್ಚಿನ ಅಪಾಯವಿರುವುದು ಆಳ ಸಮುದ್ರದಲ್ಲಿ ಅಲ್ಲ, ದಂಡೆಯಿಂದ ಕೂಗಿದರೆ ಕೇಳುವಷ್ಟು ಸಮೀಪದಲ್ಲಿ, ಅಲೆ ಮುರಿಯುವ ಪಟ್ಟಿಯಲ್ಲಿ ಹಾಗೂ ನದಿ ಕಡಲನ್ನು ಸೇರುವ ಅಳಿವೆಯಲ್ಲಿ. ಆದ್ದರಿಂದ ಮೀನು ಹಿಡಿಯುವುದಕ್ಕಿಂತ ಮೊದಲು ದೋಣಿ ಇಳಿಸುವುದನ್ನು, ದೋಣಿ ಇಳಿಸುವುದಕ್ಕಿಂತ ಮೊದಲು ಇಳಿಸಬಾರದ ದಿನವನ್ನು ಗುರುತಿಸುವುದನ್ನು ಕಲಿಯಬೇಕು.

2019ರ ಜನವರಿ 21ರಂದು ಕಾರವಾರದ ಬಳಿಯ ಕೂರ್ಮಗಡ ದ್ವೀಪದ ಜಾತ್ರೆಯಿಂದ ಮರಳುತ್ತಿದ್ದ ದೋಣಿಯೊಂದು ಮಗುಚಿ 16 ಮಂದಿ ಜೀವ ಕಳೆದುಕೊಂಡರು. ಅವರಲ್ಲಿ ನಮ್ಮ ನೆರೆಯ ಹಾವೇರಿ ಜಿಲ್ಲೆಯವರೂ ಇದ್ದರು. ಅದು ಮೀನುಗಾರಿಕೆಯ ಪ್ರಯಾಣವಲ್ಲ. ಆದರೆ ಮಳೆಗಾಲ ಮುಗಿದು ಕಡಲು ಶಾಂತವಾಗಿರುವ ತಿಂಗಳಲ್ಲಿಯೂ ಹೊರೆ ಮೀರಿದ ದೋಣಿಯನ್ನು ಅಲೆ ಮಗುಚಬಲ್ಲದು ಎಂಬ ಪಾಠ ಎಲ್ಲರಿಗೂ ಅನ್ವಯಿಸುತ್ತದೆ.

ಕಲಿಕೆಯ ಹಂತಗಳು

ಕೆಳಗಿನ ಕ್ರಮವನ್ನು ಮುರಿಯದೆ ಅನುಸರಿಸುವುದು ಒಳಿತು.

1. ಈಜು: ಜೀವರಕ್ಷಕ ಕವಚ ತೊಟ್ಟು, ಮೈಮೇಲೆ ಬಟ್ಟೆ ಇರುವಾಗಲೇ, ಕನಿಷ್ಠ ಹತ್ತು ನಿಮಿಷ ತೇಲಲು ಬರಬೇಕು. ಈಜು ಬಾರದವರು ದೋಣಿ ಹತ್ತಬಾರದು.

2. ಅಳಿವೆಯ ಒಳನೀರು: ಅಘನಾಶಿನಿ, ಶರಾವತಿ, ಗಂಗಾವಳಿ, ಕಾಳಿ ನದಿಗಳ ಒಳನೀರಿನಲ್ಲಿ ಅಲೆ ಇರುವುದಿಲ್ಲ, ಸೆಳೆತ ಮಾತ್ರ ಇರುತ್ತದೆ. ಹುಟ್ಟು ಹಾಕುವುದು, ದೋಣಿಯನ್ನು ನೇರ ಹಿಡಿಯುವುದು, ಲಂಗರು ಬಿಡುವುದು ಇಲ್ಲಿಯೇ ಅಭ್ಯಾಸವಾಗಬೇಕು.

3. ಮರೆಯಿರುವ ಕೊಲ್ಲಿ: ಕಾರವಾರ ಮತ್ತು ಬೇಲೆಕೇರಿ ಕೊಲ್ಲಿಗಳಂಥ ಕಡೆ, ಡಿಸೆಂಬರಿನಿಂದ ಫೆಬ್ರವರಿವರೆಗಿನ ಶಾಂತ ದಿನಗಳಲ್ಲಿ, ಅನುಭವಿಗಳ ಜೊತೆಗೆ.

4. ತೆರೆದ ದಂಡೆ: ಕನಿಷ್ಠ ಒಂದು ಹಂಗಾಮು ಪೂರ್ಣ ದುಡಿದ ನಂತರ ಮಾತ್ರ.

ಕರಾವಳಿಯ ಖಾರ್ವಿ, ಹರಿಕಾಂತ, ಅಂಬಿಗ, ಗಾಬಿತ, ಮೊಗವೀರ ಸಮುದಾಯಗಳ ಹಿರಿಯರು ನೀರಿನ ಬಣ್ಣ, ಹಕ್ಕಿಗಳ ಹಾರಾಟ, ಅಲೆಯ ಸದ್ದು ಇವುಗಳಿಂದಲೇ ಕಡಲನ್ನು ಓದುತ್ತಾರೆ. ಆ ವಿದ್ಯೆ ಪುಸ್ತಕದಿಂದ ಬರುವುದಿಲ್ಲ. ಅವರು "ಇಂದು ಬೇಡ" ಎಂದರೆ ಕಾರಣ ಕೇಳಿ ತಿಳಿದುಕೊಳ್ಳಿರಿ, ವಾದ ಮಾಡಬೇಡಿರಿ.

ಗಾಳಿ, ಅಲೆ ಮತ್ತು ಉಬ್ಬರವಿಳಿತ

ಗಾಳಿ: ಶಾಂತ ಹಂಗಾಮಿನಲ್ಲಿ ರಾತ್ರಿಯ ಕೊನೆಯ ಜಾವದಿಂದ ಬೆಳಗಿನವರೆಗೆ ಗಾಳಿ ನೆಲದಿಂದ ಕಡಲಿನತ್ತ ಬೀಸುತ್ತದೆ. ಬಿಸಿಲು ಏರಿದಂತೆ ಕಡಲಿನಿಂದ ನೆಲದತ್ತ ತಿರುಗುತ್ತದೆ. ನಸುಕಿನಲ್ಲಿ ಹೊರಟು ಮಧ್ಯಾಹ್ನದೊಳಗೆ ಮರಳುವ ನಾಡದೋಣಿಗಳ ಪದ್ಧತಿಯ ಹಿಂದೆ ಇದೇ ಲೆಕ್ಕಾಚಾರವಿದೆ. ಬೆಳಗಿನ ನೆಲಗಾಳಿ ದಂಡೆಯ ಬಳಿ ನೀರನ್ನು ಸಮತಟ್ಟಾಗಿ ತೋರಿಸುತ್ತದೆ. ಆದರೆ ಎಂಜಿನ್ ಕೆಟ್ಟರೆ ದೋಣಿಯನ್ನು ಹೊರಕ್ಕೆ ಒಯ್ಯುವುದೂ ಅದೇ ಗಾಳಿ ಎಂಬುದನ್ನು ಮರೆಯಬಾರದು.

ಅಲೆ: ನೀರಿನ ಆಳವು ಅಲೆಯ ಎತ್ತರದ ಸುಮಾರು ಒಂದೂಕಾಲು ಪಟ್ಟಿಗೆ ಇಳಿದಾಗ ಅಲೆ ಮುರಿಯುತ್ತದೆ. ಅಂದರೆ ಒಂದು ಮೀಟರ್ ಅಲೆ ಎದೆಯುದ್ದದ ನೀರಿನಲ್ಲಿಯೇ ಮುರಿದು ಬೀಳುತ್ತದೆ. ಅಲೆಗಳು ಗುಂಪುಗುಂಪಾಗಿ ಬರುತ್ತವೆ. ಕೆಲವು ದೊಡ್ಡ ಅಲೆಗಳ ನಂತರ ಸ್ವಲ್ಪ ಹೊತ್ತು ಸಣ್ಣವು ಬರುತ್ತವೆ. ಈ ಬಿಡುವೇ ದೋಣಿ ಇಳಿಸುವ ಸಮಯ.

ಉಬ್ಬರವಿಳಿತ: ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಮರುದಿನದ ಉಬ್ಬರ ಹಿಂದಿನ ದಿನಕ್ಕಿಂತ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಅಮಾವಾಸ್ಯೆ ಮತ್ತು ಹುಣ್ಣಿಮೆಯ ಆಸುಪಾಸಿನಲ್ಲಿ ನೀರಿನ ಏರಿಳಿತ ಹಾಗೂ ಸೆಳೆತ ಎರಡೂ ಹೆಚ್ಚು.

ಅಳಿವೆಯ ಬಾಯಿ: ಇಳಿತದ ನೀರು ಹೊರಕ್ಕೆ ನುಗ್ಗುವಾಗ ಎದುರಿನಿಂದ ಕಡಲ ಅಲೆ ಬಂದರೆ ಅಲೆಗಳು ಕಡಿದಾಗಿ, ಹತ್ತಿರ ಹತ್ತಿರವಾಗಿ ಎದ್ದು ನಿಲ್ಲುತ್ತವೆ. ಅಡಿಯಲ್ಲಿ ಮರಳದಿಬ್ಬವೂ ಇದ್ದರೆ ಅಪಾಯ ಇನ್ನೂ ಹೆಚ್ಚು. ಉಬ್ಬರದ ಕೊನೆಯಲ್ಲಿ, ಸೆಳೆತ ನಿಲ್ಲುವ ಹೊತ್ತಿನಲ್ಲಿ ಅಳಿವೆಯನ್ನು ದಾಟುವುದು ಸುರಕ್ಷಿತ. ಮಳೆಗಾಲದ ನಂತರ ಮರಳದಿಬ್ಬದ ಜಾಗ ಬದಲಾಗಿರುತ್ತದೆ. ಕಳೆದ ವರ್ಷದ ದಾರಿಯನ್ನು ನಂಬಬಾರದು.

ಗಾಳಿಯಿಲ್ಲದ ದಿನದ ಅಲೆ: ಬೇಸಿಗೆಯಲ್ಲಿ ಸ್ಥಳೀಯ ಗಾಳಿಯೇ ಇಲ್ಲದಿದ್ದರೂ ದೂರದ ದಕ್ಷಿಣ ಸಾಗರದಲ್ಲಿ ಹುಟ್ಟಿದ ಉದ್ದನೆಯ ಅಲೆಗಳು ದಂಡೆಗೆ ಅಪ್ಪಳಿಸುವುದುಂಟು. ಕೇರಳದ ಮೀನುಗಾರರು ಇದನ್ನು "ಕಳ್ಳಕ್ಕಡಲ್" ಎಂದು ಕರೆಯುತ್ತಾರೆ. ಆಕಾಶ ನೋಡಿ ಇದನ್ನು ಅರಿಯಲಾಗದು, ಮುನ್ಸೂಚನೆಯೊಂದೇ ದಾರಿ.

ಹೊರಡುವ ಮುನ್ನ

ಹೈದರಾಬಾದಿನಲ್ಲಿರುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ (ಇನ್‌ಕಾಯ್ಸ್) ಅಲೆಯ ಎತ್ತರದ ಮುನ್ಸೂಚನೆಯನ್ನೂ, ಮೀನು ಸಿಗುವ ಸಂಭವವಿರುವ ವಲಯಗಳ ಮಾಹಿತಿಯನ್ನೂ ಪ್ರಕಟಿಸುತ್ತದೆ. ಹವಾಮಾನ ಇಲಾಖೆಯು ಮೀನುಗಾರರಿಗೆ ಪ್ರತ್ಯೇಕ ಎಚ್ಚರಿಕೆ ನೀಡುತ್ತದೆ. ಎರಡನ್ನೂ ಹಿಂದಿನ ಸಂಜೆಯೂ ಹೊರಡುವ ಮುಂಜಾನೆಯೂ ನೋಡಬೇಕು. 2021ರ ಮೇ ತಿಂಗಳ ತೌಕ್ತೆ ಚಂಡಮಾರುತವು ನಮ್ಮ ಕರಾವಳಿಯನ್ನು ಅಪ್ಪಳಿಸಿದುದು ಮುಂಗಾರಿಗೆ ಮೊದಲೇ ಎಂಬುದು ನೆನಪಿರಲಿ.

ದೋಣಿಯಲ್ಲಿ ಇರಲೇಬೇಕಾದವು:

• ಪ್ರತಿಯೊಬ್ಬರ ಮೈಮೇಲೆ ಜೀವರಕ್ಷಕ ಕವಚ. ಕಾಲಡಿಯಲ್ಲಿ ಮಡಿಸಿಟ್ಟ ಕವಚ ಮಗುಚಿದ ದೋಣಿಯಲ್ಲಿ ಕೈಗೆ ಸಿಗುವುದಿಲ್ಲ.
• ಎಂಜಿನ್ ಇದ್ದರೂ ಎರಡು ಹುಟ್ಟು.
• ಲಂಗರು ಮತ್ತು ನೀರಿನ ಆಳದ ಕನಿಷ್ಠ ಐದು ಪಟ್ಟು ಉದ್ದದ ಹಗ್ಗ.
• ನೀರು ಎತ್ತಿ ಚೆಲ್ಲಲು ಹಗ್ಗ ಕಟ್ಟಿದ ಬಕೆಟ್.
• ಹರಿತವಾದ ಚಾಕು, ಟಾರ್ಚು, ಸಿಳ್ಳೆ, ಕಿತ್ತಳೆ ಬಣ್ಣದ ದೊಡ್ಡ ಬಟ್ಟೆ.
• ತಲಾ 3 ಲೀಟರ್ ಕುಡಿಯುವ ನೀರು. ನೀರು ಒಳಹೋಗದ ಚೀಲದಲ್ಲಿ ಮೊಬೈಲು.

ಎಲ್ಲಿಗೆ, ಎಷ್ಟು ಜನ, ಎಷ್ಟು ಹೊತ್ತಿಗೆ ಮರಳುವಿರಿ ಎಂಬುದನ್ನು ದಂಡೆಯಲ್ಲಿರುವ ಒಬ್ಬರಿಗೆ ತಿಳಿಸಿ ಹೊರಡಬೇಕು. ಹೇಳಿದ ಹೊತ್ತಿಗೆ ಬಾರದಿದ್ದರೆ ಯಾರಿಗೆ ಕರೆ ಮಾಡಬೇಕೆಂಬುದೂ ಅವರಿಗೆ ಗೊತ್ತಿರಬೇಕು: ಕರಾವಳಿ ರಕ್ಷಣಾ ಪಡೆ 1554, ಕರಾವಳಿ ಕಾವಲು ಪೊಲೀಸ್ 1093.

ದಂಡೆಯಿಂದ ದೋಣಿ ಇಳಿಸುವ ಕ್ರಮ

1. ದಂಡೆಯ ಎತ್ತರದ ಜಾಗದಲ್ಲಿ ನಿಂತು ಕನಿಷ್ಠ 20 ನಿಮಿಷ ಅಲೆಗಳನ್ನು ಗಮನಿಸಿರಿ. ದೊಡ್ಡ ಅಲೆಗಳ ಗುಂಪಿನಲ್ಲಿ ಎಷ್ಟು ಅಲೆಗಳಿವೆ, ನಡುವಿನ ಬಿಡುವು ಎಷ್ಟು ಎಂದು ಎಣಿಸಿರಿ. ಮುರಿಯುವ ಅಲೆ ಮೊಣಕಾಲಿಗಿಂತ ಎತ್ತರವಿದ್ದರೆ ಕಲಿಯುವವರು ಅಂದು ಇಳಿಯಬಾರದು.

2. ಬಲೆ, ಹಗ್ಗ, ಡಬ್ಬಿಗಳನ್ನು ದಂಡೆಯಲ್ಲಿಯೇ ಭದ್ರವಾಗಿ ಜೋಡಿಸಿರಿ. ಅಲೆಯ ನಡುವೆ ಸಾಮಾನು ಸರಿಪಡಿಸಲು ಸಮಯ ಸಿಗುವುದಿಲ್ಲ.

3. ದೋಣಿಯ ಮೂತಿ ಅಲೆಗೆ ನೇರ ಎದುರಾಗಿರಲಿ. ಓರೆಯಾದ ದೋಣಿಯನ್ನು ಅಲೆ ಅಡ್ಡ ತಿರುಗಿಸಿ ಉರುಳಿಸುತ್ತದೆ.

4. ತಳ್ಳುವವರು ದೋಣಿಯ ಎರಡೂ ಪಕ್ಕದಲ್ಲಿ ನಿಲ್ಲಬೇಕು. ದೋಣಿಗೂ ದಂಡೆಗೂ ನಡುವೆ ಎಂದಿಗೂ ನಿಲ್ಲಬಾರದು. ಅಲೆಯು ದೋಣಿಯನ್ನು ಹಿಂದಕ್ಕೆ ಎಸೆದಾಗ ಅದರ ಭಾರವನ್ನು ಮನುಷ್ಯನ ದೇಹ ತಡೆಯಲಾರದು.

5. ಮೊಣಕಾಲುದ್ದ ನೀರಿನಲ್ಲಿ ಹುಟ್ಟು ಹಾಕುವವರು ಮೊದಲು ಹತ್ತಬೇಕು. ತೊಡೆಯುದ್ದ ನೀರಿಗೆ ಬಂದಾಗ ಉಳಿದವರು ಎರಡೂ ಕಡೆಯಿಂದ ಒಟ್ಟಿಗೆ ಹತ್ತಬೇಕು.

6. ಗುಂಪಿನ ಕೊನೆಯ ದೊಡ್ಡ ಅಲೆ ದಾಟಿದ ಕೂಡಲೇ ಬಲವಾಗಿ ಹುಟ್ಟು ಹಾಕಿ ಹೊರಟುಬಿಡಬೇಕು. ಒಬ್ಬರ ಮಾತು ಮಾತ್ರ ನಡೆಯಬೇಕು. ಅರ್ಧದಲ್ಲಿ ಮನಸ್ಸು ಬದಲಿಸಿ ದೋಣಿ ತಿರುಗಿಸಿದರೆ ಅದು ಮಗುಚಬಹುದು. ಸಂದೇಹವಿದ್ದರೆ ಅದು ದಂಡೆಯ ಮೇಲೆಯೇ ತೀರಬೇಕು.

7. ಎಂಜಿನ್ ಬಳಸುವವರು ಅದರ ನಿಲುಗಡೆ ದಾರವನ್ನು ಕೈಗೆ ಕಟ್ಟಿಕೊಂಡಿರಬೇಕು. ನೀರಿಗೆ ಬಿದ್ದವರ ಮೇಲೆ ತಿರುಗುವ ರೆಕ್ಕೆ ಹರಿಯದಂತೆ ಇದು ಕಾಪಾಡುತ್ತದೆ.

ಬಲೆ ಬಿಡುವುದು, ಎಳೆಯುವುದು

ಕಲಿಯುವವರಿಗೆ ಗಾಳ ಮತ್ತು ಕಿವಿರುಬಲೆ ಸೂಕ್ತ. ಕಿವಿರುಬಲೆಯನ್ನು ಕರಾವಳಿಯಲ್ಲಿ ಕಂತಬಲೆ, ಪಟ್ಟಬಲೆ ಮುಂತಾಗಿ ಕರೆಯುತ್ತಾರೆ. ಮೇಲಿನ ಹಗ್ಗಕ್ಕೆ ಬೆಂಡು, ಕೆಳಗಿನ ಹಗ್ಗಕ್ಕೆ ಸೀಸದ ಗುಂಡು ಕಟ್ಟಿದ ಈ ಬಲೆ ನೀರಿನಲ್ಲಿ ಗೋಡೆಯಂತೆ ನಿಲ್ಲುತ್ತದೆ. ಬಂಗಡೆಗೆ ಸುಮಾರು 50 ಮಿ.ಮೀ. ಕಣ್ಣಿನ ಬಲೆ ಬಳಕೆಯಲ್ಲಿದೆ. ತಾರ್ಲಿಗೆ ಅದಕ್ಕಿಂತ ಸಣ್ಣ ಕಣ್ಣು.

ಬಲೆಯನ್ನು ಗಾಳಿ ಬರುವ ಬದಿಯಿಂದ ಬಿಡಬೇಕು. ಆಗ ಗಾಳಿಯು ದೋಣಿಯನ್ನು ಬಲೆಯಿಂದ ದೂರ ಒಯ್ಯುತ್ತದೆ. ಇಲ್ಲದಿದ್ದರೆ ದೋಣಿ ಬಲೆಯ ಮೇಲೆಯೇ ಸರಿದು ಎಂಜಿನ್ನಿಗೆ ಸುತ್ತಿಕೊಳ್ಳುತ್ತದೆ. ಸುರುಳಿ ಹಗ್ಗದೊಳಗೆ ಕಾಲಿಡಬಾರದು. ಬಲೆಯನ್ನು ಎಳೆಯುವಾಗ ಎಲ್ಲರೂ ಒಂದೇ ಬದಿಗೆ ವಾಲಬಾರದು. ಲಂಗರನ್ನು ಯಾವಾಗಲೂ ಮೂತಿಗೇ ಕಟ್ಟಬೇಕು. ಹಿಂಬದಿಗೆ ಕಟ್ಟಿದರೆ ಅಲೆ ಒಳನುಗ್ಗಿ ದೋಣಿ ತುಂಬುತ್ತದೆ. ಬಲೆ ಬಂಡೆಗೆ ಸಿಕ್ಕಿ ದೋಣಿ ವಾಲತೊಡಗಿದರೆ ಹಗ್ಗ ಕತ್ತರಿಸಿರಿ. ಬಲೆಯನ್ನು ಮತ್ತೆ ಹೆಣೆಯಬಹುದು.

ಮರಿಮೀನು ಬಲೆಗೆ ಬೀಳುವ ಜಾಗದಿಂದ ಬೇರೆಡೆಗೆ ಹೋಗಿರಿ. 10 ಸೆಂ.ಮೀ.ಗಿಂತ ಚಿಕ್ಕ ತಾರ್ಲಿ, 14 ಸೆಂ.ಮೀ.ಗಿಂತ ಚಿಕ್ಕ ಬಂಗಡೆ ಹಿಡಿಯುವುದು ಬಿತ್ತನೆ ಬೀಜವನ್ನು ಬೇಯಿಸಿ ಉಂಡಂತೆ. ಹಿಡಿದ ಮೀನಿಗೆ ಸಮತೂಕದ ಮಂಜುಗಡ್ಡೆ ಹಾಕಿದರೆ ಬೆಲೆ ಉಳಿಯುತ್ತದೆ.

ಮರಳಿ ದಂಡೆಗೆ ಬರುವುದು

ಹೊರಡುವಾಗ ಅಲೆ ಎದುರಿನಿಂದ ಕಾಣುತ್ತದೆ. ಮರಳುವಾಗ ಬೆನ್ನ ಹಿಂದಿನಿಂದ ಬರುತ್ತದೆ. ದಣಿವೂ ಮೀನಿನ ಹೊರೆಯೂ ಜೊತೆಗಿರುತ್ತವೆ. ಆದ್ದರಿಂದ ಮರಳುವ ಹೊತ್ತೇ ಹೆಚ್ಚು ಎಚ್ಚರದ್ದು.

ಅಲೆ ಮುರಿಯುವ ಪಟ್ಟಿಯ ಹೊರಗೆ ದೋಣಿ ನಿಲ್ಲಿಸಿ, ಹೊರಡುವಾಗಿನಂತೆಯೇ ಅಲೆಗಳನ್ನು ಎಣಿಸಿರಿ. ಬಿಡುವು ಬಂದಾಗ ಅಲೆಯ ಬೆನ್ನ ಮೇಲೆ ಉಳಿದು ಅದರ ಹಿಂದೆ ಬನ್ನಿರಿ. ಅಲೆಯನ್ನು ಮೀರಿ ಅದರ ಮುಂದಿನ ಇಳಿಜಾರಿಗೆ ಇಳಿದರೆ ಮೂತಿ ನೀರಿಗೆ ನಾಟಿ ದೋಣಿ ಅಡ್ಡ ತಿರುಗುತ್ತದೆ. ಹಗ್ಗ ಕಟ್ಟಿದ ಬಕೆಟನ್ನು ಹಿಂದಿನಿಂದ ಎಳೆಯಬಿಟ್ಟರೆ ದೋಣಿ ನೇರವಾಗಿರಲು ಸಹಾಯವಾಗುತ್ತದೆ. ಅಲೆ ಹೆಚ್ಚಿದ್ದರೆ ಹೊರಗೆ ಕಾಯಿರಿ ಅಥವಾ ಸಮೀಪದ ಬಂದರಿಗೆ ತಿರುಗಿರಿ. ಹೊರೆ ಹೆಚ್ಚಾಗಿದೆ ಎನಿಸಿದರೆ ಮೀನನ್ನು ಕಡಲಿಗೆ ಚೆಲ್ಲಲು ಹಿಂಜರಿಯಬಾರದು.

ದೋಣಿ ಮಗುಚಿದರೆ ಅದನ್ನು ಬಿಟ್ಟು ಈಜಬೇಡಿರಿ. ಮಗುಚಿದ ದೋಣಿಯೂ ತೇಲುತ್ತದೆ. ಹುಡುಕುವವರಿಗೆ ಮನುಷ್ಯನ ತಲೆಗಿಂತ ದೋಣಿ ಬೇಗ ಕಾಣುತ್ತದೆ. ಮುರಿಯುವ ಅಲೆಗಳ ನಡುವೆ ಮಾತ್ರ ದೋಣಿಯ ಕಡಲ ಬದಿಗೆ ಇರಬೇಕು, ದಂಡೆಯ ಬದಿಗೆ ಇರಬಾರದು.

ನಿಯಮಗಳು ಮತ್ತು ಸೌಲಭ್ಯಗಳು

ರಾಜ್ಯದಲ್ಲಿ ಕರ್ನಾಟಕ ಕಡಲ ಮೀನುಗಾರಿಕೆ (ನಿಯಂತ್ರಣ) ಅಧಿನಿಯಮ, 1986 ಜಾರಿಯಲ್ಲಿದೆ. ದೋಣಿಗೆ ನೋಂದಣಿ ಮತ್ತು ಪರವಾನಗಿ ಅಗತ್ಯ. ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದ್ದು, 10 ಅಶ್ವಶಕ್ತಿಯವರೆಗಿನ ಎಂಜಿನ್ ಇರುವ ನಾಡದೋಣಿಗಳಿಗೆ ವಿನಾಯಿತಿ ಇದೆ. ವಿನಾಯಿತಿ ಎಂದರೆ ಸುರಕ್ಷತೆಯ ಭರವಸೆಯಲ್ಲ. ಕಲಿಯುವವರು ಮಳೆಗಾಲದಲ್ಲಿ ಕಡಲಿಗೆ ಇಳಿಯಲೇಬಾರದು.

ಪ್ರಧಾನಮಂತ್ರಿ ಮತ್ಸ್ಯ ಸಂಪದಾ ಯೋಜನೆಯಡಿ ಮೀನುಗಾರರ ಗುಂಪು ಅಪಘಾತ ವಿಮೆಯಲ್ಲಿ ಮರಣ ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯಕ್ಕೆ 5 ಲಕ್ಷ ರೂ. ಪರಿಹಾರವಿದೆ. ಕೆಲಸಕ್ಕೆ ಸೇರುವ ಮೊದಲೇ ಹೆಸರು ನೋಂದಾಯಿಸಿಕೊಳ್ಳಿರಿ. ಕಿಸಾನ್ ಕ್ರೆಡಿಟ್ ಕಾರ್ಡ್ ಸೌಲಭ್ಯವನ್ನೂ ಮೀನುಗಾರರಿಗೆ ವಿಸ್ತರಿಸಲಾಗಿದೆ.

ಹೂಡಿಕೆಯ ಬಗ್ಗೆ ಕಿವಿಮಾತು

ಮೊದಲ ವರ್ಷ ದೋಣಿ ಕೊಳ್ಳಬೇಡಿರಿ. ಹೊಲ ಅಡವಿಟ್ಟು, ಎತ್ತು ಮಾರಿ ಕೊಂಡ ದೋಣಿಗೆ ಸಾಲದ ಕಂತಿನ ಒತ್ತಡವಿರುತ್ತದೆ. ಆ ಒತ್ತಡವೇ ಇಳಿಯಬಾರದ ದಿನದಂದು ಮನುಷ್ಯನನ್ನು ಕಡಲಿಗೆ ಇಳಿಸುತ್ತದೆ. ಒಂದು ಹಂಗಾಮು ಇತರರ ದೋಣಿಯಲ್ಲಿ ಪಾಲಿಗೆ ದುಡಿದು, ಡೀಸೆಲ್ ಅಥವಾ ಸೀಮೆಎಣ್ಣೆ, ಮಂಜುಗಡ್ಡೆ, ಬಲೆ ರಿಪೇರಿಯ ಖರ್ಚು ಮತ್ತು ಖಾಲಿ ಕೈಯಲ್ಲಿ ಮರಳಿದ ದಿನಗಳ ಸಂಖ್ಯೆಯನ್ನು ಬರೆದಿಡಿರಿ. ಆ ಲೆಕ್ಕವೇ ಮುಂದಿನ ತೀರ್ಮಾನಕ್ಕೆ ಆಧಾರವಾಗಲಿ. ಕಡಲು ಒಗ್ಗದಿದ್ದರೆ ಕೃಷಿ ಹೊಂಡದಲ್ಲಿ ಕಾಟ್ಲಾ, ರೋಹು, ಸಾಮಾನ್ಯ ಗೆಂಡೆ ಸಾಕಣೆಯ ದಾರಿ ಮನೆಯ ಬಳಿಯೇ ಇದೆ.

ವಿಸ್ತರಣಾ ಕಾರ್ಯಕರ್ತರಿಗೆ ಸೂಚನೆ

ಆಸಕ್ತ ಯುವಕರನ್ನು ಕರಾವಳಿಗೆ ಕಳುಹಿಸುವ ಮೊದಲು ಅವರಿಗೆ ಈಜು ಬರುವುದನ್ನು ಕಣ್ಣಾರೆ ಖಚಿತಪಡಿಸಿಕೊಳ್ಳಬೇಕು. ಮನೆಯವರಿಗೂ ತುರ್ತು ಸಂಖ್ಯೆಗಳನ್ನು ಬರೆದುಕೊಡಬೇಕು. ಕ್ಷೇತ್ರ ಭೇಟಿಯ ಮೊದಲ ದಿನ ಯಾರನ್ನೂ ದೋಣಿ ಹತ್ತಿಸದೆ, ಒಂದು ಉಬ್ಬರ ಮತ್ತು ಒಂದು ಇಳಿತವನ್ನು ದಂಡೆಯ ಮೇಲೆ ಕುಳಿತು ನೋಡಲು ಹೇಳಬೇಕು. ಹೊಲದ ಹದ ನೋಡದೆ ಬಿತ್ತದ ರೈತನಿಗೆ ಈ ಕಾಯುವಿಕೆ ಹೊಸದಲ್ಲ.

ಹೆಚ್ಚಿನ ಮಾಹಿತಿಗಾಗಿ ಕರಾವಳಿ ತಾಲ್ಲೂಕುಗಳ ಮೀನುಗಾರಿಕೆ ಇಲಾಖೆಯ ಕಚೇರಿ, ಕಾರವಾರದಲ್ಲಿರುವ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರ ಅಥವಾ ನಿಮ್ಮ ಸಮೀಪದ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಿರಿ.